ಏರಿಯ ಮೇಲಿಂದ ಕಂಡ ಓಟ

“ಯಾರಮ್ಮೀ ಮುಂದವ್ರೆ?” ಕೆರೆ ಏರಿಯ ಕೆಳಗಿನಿಂದ ಅಪ್ಪಯ್ಯಣ್ಣ ಕೂಗಿದ.

ಏರಿಯ ಮೇಲೆ ಕೂತಿದ್ದ ಮುನಿತಾಯಿ ಕೇಳಿಸದವಳಂತೆ ಕೆರೆಯ ಕಡೆ ಮುಖ ತಿರುಗಿಸಿದಳು.

ಆವತಿ ಸ್ಕೂಲಿನ ಓಟವೇ ಹಾಗೆ. ತೂಬಿನ ಹತ್ತಿರ ಏರಿ ಹತ್ತಿ ಇಳಿದು, ಕೆರೆಯನ್ನು ಒಂದು ಸುತ್ತು ಹಾಕಿ, ಕೋಡಿಯ ಕಡೆಯಿಂದ ವಾಪಸ್ ಬರಬೇಕು. ಕೆಳಗೆ ಹೊಂಗೆ ಮರದ ನೆರಳಲ್ಲಿ ಕೂತ ಊರಿನವರಿಗೆ ಹೋದದ್ದು ಕಾಣುತ್ತದೆ, ಬಂದದ್ದು ಕಾಣುತ್ತದೆ. ನಡುವಿನದೆಲ್ಲ ಏರಿಯ ಮರೆ.

ಹೋದ ವರ್ಷ ಫಸ್ಟ್ ಬಂದವಳು ಮುನಿತಾಯಿ. ಅದರ ಹಿಂದಿನ ವರ್ಷವೂ ಅವಳೇ. ಹುಡುಗರೆಲ್ಲ ಅವಳ ಹಿಂದೆ ಧೂಳು ಕುಡಿದಿದ್ದರು. ಮಳೆಗಾಲದಲ್ಲಿ ಹುಣಸೆಮರದಿಂದ ಬಿದ್ದಳು ನೋಡಿ, ಅಲ್ಲಿಗೆ ಮುಗಿಯಿತು. ನಾಟಿವೈದ್ಯ ದೊಡ್ಡಬೀರಪ್ಪ ಮೊಟ್ಟೆಯ ಲೋಳೆ ಹಚ್ಚಿ, ಬಿದಿರ ದಬ್ಬೆ ಇಟ್ಟು ಕಾಲಿಗೆ ಕಟ್ಟು ಕಟ್ಟಿದ. ಮೂಳೆ ಕೂಡಿತು. ಕಾಲು ಮಾತ್ರ ಮೊದಲಿನಂತಾಗಲಿಲ್ಲ.

ಆಮೇಲೆ ಆಂಜಿನಿ ಮನೆಗೆ ಬರುವುದನ್ನೇ ಬಿಟ್ಟ. ದಿನಾ ಬೆಳಿಗ್ಗೆ ಅವಳ ಜೊತೆ ಓಡುತ್ತಿದ್ದ ಗೆಳೆಯ ಅವನು. ಈಗ ಒಬ್ಬನೇ ತಲೆ ತಗ್ಗಿಸಿಕೊಂಡು ಅವಳ ಮನೆಯ ಮುಂದೆ ಓಡಿಹೋಗುತ್ತಿದ್ದ. ಆ ಹೆಜ್ಜೆ ಸದ್ದು ಕೇಳಿದರೆ ಮುನಿತಾಯಿ ಕಂಬಳಿ ಮುಸುಕೆಳೆದುಕೊಳ್ಳುತ್ತಿದ್ದಳು. ಕಾಲು ಮುರಿದಾಗಲೂ ಅಷ್ಟು ನೋವಾಗಿರಲಿಲ್ಲ.

“ಯಾರಾದ್ರೂ ಅಡ್ಡದಾರಿ ಹಿಡಿತಾರಾ ನೋಡ್ಕೊಮ್ಮ,” ಎಂದು ಡ್ರಿಲ್ ಮೇಷ್ಟ್ರು ನರಸಿಂಹಯ್ಯನವರು ಅವಳನ್ನು ಇಲ್ಲಿ ಕೂರಿಸಿದ್ದರು. ಎಲ್ಲಿದೆ ಅಡ್ಡದಾರಿ? ಕೆರೆಯಲ್ಲಿ ಈಜಬೇಕಷ್ಟೆ! ಪಾಪ ಅಂತ ಕೊಟ್ಟ ಕೆಲಸ ಎಂದು ಅವಳಿಗೂ ಗೊತ್ತಿತ್ತು.

“ಏನಮ್ಮೀ, ದೊಡ್ಡಬೀರಪ್ಪ ಬಾಯಿಗೂ ಕಟ್ಟು ಕಟ್ಟವ್ನಾ?” ಅಪ್ಪಯ್ಯಣ್ಣ ಮತ್ತೆ ಕೂಗಿದ. ಕೆಳಗೆ ಎಲ್ಲರೂ ನಕ್ಕರು.

ಮುನಿತಾಯಿಗೆ ರೇಗಿಹೋಯಿತು. “ಬೈರ ಮುಂದವ್ನೆ!” ಎಂದು ಕಿರುಚಿದಳು. “ಆದ್ರೆ ಸುಸ್ತಾಗವ್ನೆ. ಕೈ ಬೀಸೋದು ನೋಡಿದ್ರೇ ಗೊತ್ತಾಗ್ತದೆ!”

“ಆಮೇಲೆ?”

“ಬಾಯಲ್ಲಿ ಉಸಿರು ಬಿಡ್ತಾವ್ನೆ. ಈಚಲು ಮರ ದಾಟ್ದ!”

“ಆಮೇಲೆ? ಆಮೇಲೆ?”

“ಅಬ್ಬಾ, ದೇವನಹಳ್ಳಿ ರೀಡಿಂಗ್ ರೂಮಿನ ರೇಡಿಯೋನೇ ಬಂದಂಗಾಯ್ತು!” ಎಂದ ಅಪ್ಪಯ್ಯಣ್ಣ. ಯುದ್ಧದ ಸುದ್ದಿ ಕೇಳಲು ಅವನು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದ.

ಆಚೆ ದಡದಲ್ಲಿ ಬೈರ ಕೆಸರಿಗೆ ಕಾಲಿಟ್ಟು ಜಾರಿದ. ಅವನ ಹಿಂದೆ ಬರುತ್ತಿದ್ದ ಆಂಜಿನಿ ಕೆಸರನ್ನು ಬಿಟ್ಟು ಮೇಲಿನ ಕಲ್ಲುದಾರಿ ಹಿಡಿದ. ತುಸು ಸುತ್ತಾದರೂ ಜಾರದ ಆ ದಾರಿ ಮುನಿತಾಯಿಯದು. ಅವಳೇ ಅವನಿಗೆ ತೋರಿಸಿಕೊಟ್ಟದ್ದು.

ಹೇಳಬಾರದು. ಅವನ ಹೆಸರು ಮಾತ್ರ ಹೇಳಬಾರದು.

“ಮುನಿತಾಯಿ, ಯಾಕವ್ವ ಸುಮ್ಕಾದೆ?” ಆಂಜಿನಿಯ ತಾಯಿ ಲಕ್ಕಮ್ಮ ಗಾಬರಿಯಿಂದ ಕೇಳಿದಳು. “ನಮ್ಮ ಆಂಜಿನಿ ಬಿದ್ನಾ? ಹೇಳವ್ವಾ, ಎದೆ ಡವಡವ ಅಂತದೆ.”

“ಬಿದ್ದಿಲ್ಲ ಲಕ್ಕಮ್ಮತ್ತೆ!” ಮುನಿತಾಯಿಯ ದನಿ ಒಡೆಯಿತು. ಆದರೂ ಕೂಗಿದಳು. “ಆಂಜಿನಿನೇ ಮುಂದೆ! ಕಲ್ಲಿಂದ ಕಲ್ಲಿಗೆ ಹಾರ್ತಾವ್ನೆ! ಕೋಡಿ ಹತ್ರ ಬಂದ! ಅವನೇ ಫಸ್ಟು!”

ಎಲ್ಲರೂ ಕೋಡಿಯ ಕಡೆ ಓಡಿದರು. ತಮಟೆ ಬಡಿಯತೊಡಗಿತು. ಮರದ ಕೆಳಗೆ ಒಂದು ಪಿಳ್ಳೆಯೂ ಉಳಿಯಲಿಲ್ಲ. ಏರಿಯ ಕಡೆ ತಿರುಗಿ ನೋಡಿದವರೂ ಇಲ್ಲ.

ಮುನಿತಾಯಿ ಊರುಗೋಲನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಗಂಟಲು ಒಣಗಿತ್ತು. ಅಳು ಬಂತು, ಅತ್ತಳು.

ಎಷ್ಟೋ ಹೊತ್ತಾದ ಮೇಲೆ ಹಿಂದೆ ಹೆಜ್ಜೆ ಸದ್ದಾಯಿತು. ತಿರುಗಿ ನೋಡದೆಯೂ ಅವಳಿಗೆ ಯಾರೆಂದು ತಿಳಿಯಿತು.

ಆಂಜಿನಿ ಸ್ವಲ್ಪ ದೂರದಲ್ಲಿ ಕೂತ. ಬಹುಮಾನದ ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ ತಂದಿದ್ದ. “ಕುಡಿ,” ಎಂದು ಮುಂದೆ ಸರಿಸಿದ.

ಅವಳು ಮುಟ್ಟಲಿಲ್ಲ.

“ಬೈರನ್ನ ಎಲ್ಲಿ ದಾಟ್ದೆ ಅಂತ ನಂಗೇ ಗೊತ್ತಿಲ್ಲ ಕಣೇ,” ಎಂದ ಆಂಜಿನಿ. “ಓಡೋವಾಗ ಏನೂ ಕಾಣಾಕಿಲ್ಲ. ನೀನು ನೋಡಿದ್ಯಲ್ಲ, ಮೊದ್ಲಿಂದ ಹೇಳೇ.”

ಮುನಿತಾಯಿ ಕೆರೆಯ ಕಡೆ ನೋಡಿದಳು. ಎರಡು ವರ್ಷ ಗೆದ್ದಿದ್ದರೂ ತನ್ನ ಓಟವನ್ನು ತಾನು ಕಂಡಿರಲಿಲ್ಲ. ನೆನಪಿದ್ದದ್ದು ಧೂಳು ಮತ್ತು ತನ್ನ ಏದುಸಿರು ಮಾತ್ರ. ಹೇಗೆ ಓಡಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವವರು ಏರಿಯ ಮೇಲೆ ಇರಲೇ ಇಲ್ಲವಲ್ಲ.

ಲೋಟ ಎತ್ತಿ ಮಜ್ಜಿಗೆ ಕುಡಿದಳು. ಬಾಯಿ ಒರೆಸಿಕೊಂಡಳು.

“ಕೇಳು. ತೂಬು ದಾಟೋವಾಗ ಎಲ್ಲಾರಿಗಿಂತ ಹಿಂದಿದ್ದೆ ನೀನು.”

“ಅಷ್ಟು ಹಿಂದಿದ್ನಾ?”

“ನಡುವೆ ಬಾಯಿ ಹಾಕ್ಬೇಡ,” ಎಂದಳು ಮುನಿತಾಯಿ. “ಇನ್ನೂ ಶುರುನೇ ಆಗಿಲ್ಲ.”