ನೀಲಿ ಹರಳಿನ ಬೆಟ್ಟ ಮತ್ತು ಒಂದು ಕುಡಿಕೆ ಮೊಸರು

ಯಾರ ಅಜ್ಜಿಯೂ ಕಂಡಿರದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ ಹರಳಾವತಿ ಎಂಬ ರಾಜ್ಯವಿತ್ತು. ಅಲ್ಲಿ ಬೆಟ್ಟ ಅಗೆದರೆ ನೀಲಿ ಹರಳು ಸಿಗುತ್ತಿತ್ತು. ಧೂಮಕೇಶಿ ಎಂಬ ಮಾಯಾವಿ ರೆಕ್ಕೆಯ ಹುಲಿಯೇರಿ ಬಂದು ಹರಳನ್ನೆಲ್ಲ ಒಯ್ದ. ಬದಲಿಗೆ ಬಟ್ಟೆ, ಗಡಿಗೆ, ಅಕ್ಕಿ, ಕೊನೆಗೆ ಮೊಸರನ್ನೂ ತಂದು ಸುರಿದ. ಇನ್ನು ಮಗ್ಗದಲ್ಲಿ ಕೂರುವ ಮೂರ್ಖ ಯಾರು? ಕುಂಬಾರರ ಸಾಂತವ್ವನ ಗಡಿಗೆಗಳನ್ನು ಯಾರೂ ಮೂಸಿ ನೋಡಲಿಲ್ಲ. ಅವಳ ಗಂಡ ಸೋಮಲಿಂಗ ತಿಗರಿ ಬಿಟ್ಟು ಗುದ್ದಲಿ ಹಿಡಿದ. ಚಿನ್ನದ ಚೂರಿ ಎಂದು ಹೊಟ್ಟೆಗೆ ಚುಚ್ಚಿಕೊಳ್ಳಬಾರದು ಎನ್ನುವವರೂ ಗುದ್ದಲಿ ಹಿಡಿದೇ ಹಾಗೆನ್ನುತ್ತಿದ್ದರು!

ಒಂದು ಮುಂಜಾನೆ ಮಾಯಾವಿ ನಕ್ಕ. "ಲೋಕಕ್ಕೆ ಹರಳು ಸಾಕಾಗಿದೆ. ಇನ್ನು ಬೇಡ."

ಆ ಕ್ಷಣವೇ ಅವನು ತಂದದ್ದೆಲ್ಲ ಬೂದಿಯಾಯಿತು. ಬೆಟ್ಟ ಅಗೆಯುತ್ತಿದ್ದವರ ಪಾದಗಳು ಕಲ್ಲಾದವು. ರಾಜ ಅವನ ಕಾಲಿಗೆ ಬಿದ್ದ.

"ನಿಮ್ಮ ಕೈಯಾರೆ ಮಾಡಿದ ಗಡಿಗೆ, ಬಟ್ಟೆ, ಮೊಸರು, ಮೂರನ್ನೂ ಮೂರನೆಯ ಸಂಜೆಗೆ ತನ್ನಿ. ತಂದರೆ ನಾನೇ ಬೂದಿ. ತಪ್ಪಿದರೆ ಇವರೆಲ್ಲ ನನ್ನ ಬಂಡೆಗಳು," ಎಂದ ಮಾಯಾವಿ.

ಕಲ್ಲಾಗುತ್ತಿದ್ದವರಲ್ಲಿ ಸೋಮಲಿಂಗನೂ ಇದ್ದ; ಸಾಂತವ್ವ ಮನೆಗೆ ಓಡಿದಳು. ಮೊದಲ ದಿನ ತಿಗರಿ ತಿರುಗಿಸಿದಳು. ಕೈ ಕಸುಬು ಮರೆತಿತ್ತು. ಮಣ್ಣು ಕುಸಿಯಿತು, ಮತ್ತೆ ಕುಸಿಯಿತು. ಅಳುತ್ತಲೇ ಎತ್ತಿ, ಡೊಂಕು ಕುಡಿಕೆಯೊಂದನ್ನು ನಿಲ್ಲಿಸಿ ಒಲೆಯಲ್ಲಿ ಸುಟ್ಟಳು. ಅಷ್ಟರಲ್ಲಿ ಸೋಮಲಿಂಗ ಮೊಣಕಾಲಿನವರೆಗೆ ಕಲ್ಲಾಗಿದ್ದ.

ಎರಡನೆಯ ದಿನ ನೇಕಾರರ ಕುರುಡಿ ಮುದ್ದಜ್ಜಿಯ ಬಳಿಗೆ ಓಡಿದಳು. ಮಗ್ಗ ಎಂದೋ ಸೌದೆಯಾಗಿತ್ತು. ಅಜ್ಜಿ ತಾನು ಹರೆಯದಲ್ಲಿ ನೇಯ್ದ ಸೀರೆಯನ್ನು ಬಿಚ್ಚಿ, ಬಾಗಿಲಿಗೆ ಎಳೆ ಕಟ್ಟಿ, ಗೇಣಗಲ ಬಟ್ಟೆ ನೇಯ್ದುಕೊಟ್ಟಳು. ಸೋಮಲಿಂಗ ಸೊಂಟದವರೆಗೆ ಕಲ್ಲಾಗಿದ್ದ.

ಮೂರನೆಯ ದಿನ ಕಾಡಿಗೆ ಬಿಟ್ಟಿದ್ದ ಎಮ್ಮೆಯ ಹಾಲು ಕರೆದು, ಕಾಸಿ, ಆರಿಸಿದಳು. ಆದರೆ ಹೆಪ್ಪು? ಒಬ್ಬರಲ್ಲಿ ಮುಗಿದರೆ ಪಕ್ಕದ ಮನೆಯಲ್ಲಿ ಕೇಳುವುದು ಆ ಊರಿನ ರೂಢಿ. ಈಗ ಎಲ್ಲ ಮನೆಯಲ್ಲೂ ಒಂದೇ ಮಾತು: "ಮೊಸರೇ ಬರತಿತ್ತಲ್ಲವ್ವಾ, ಹೆಪ್ಪು ಯಾಕ ಇಡೂಣು?" ಇಡೀ ರಾಜ್ಯದಲ್ಲಿ ಒಂದು ಚಮಚ ಹೆಪ್ಪಿರಲಿಲ್ಲ. ಸಾಂತವ್ವ ಅಳುತ್ತ ಅಜ್ಜಿಯ ಮನೆಗೆ ಬಂದಳು.

"ಅಳಬ್ಯಾಡ ಮಗಳ," ಎಂದಳು ಮುದ್ದಜ್ಜಿ. "ತಿಪ್ಪ್ಯಾಗ ಮೆಣಸಿನ ಗಿಡ ಎದ್ದಿರತೈತಿ ನೋಡು. ಕಾಯಿ ತೊಟ್ಟು ಮುರಿದು ಹಾಲಿಗೆ ಹಾಕು, ಹೆಪ್ಪಿಲ್ಲದನ ಮೊಸರಾಗತೈತಿ."

ಹಾಲನ್ನು ಕುಡಿಕೆಗೆ ಸುರಿದು, ತೊಟ್ಟು ಹಾಕಿ, ಬಾಯಿಗೆ ಅಜ್ಜಿಯ ಬಟ್ಟೆ ಕಟ್ಟಿ, ಬಿಸಿಲಿಳಿದ ಮೇಲೆ ಬೆಟ್ಟ ಹತ್ತಿದಳು. ಓಡಿದರೆ ಕುಲುಕಿ ಮೊಸರು ಒಡೆಯುತ್ತದೆ, ನಡೆದರೆ ಹೊತ್ತು ಮುಳುಗುತ್ತದೆ. ರೆಕ್ಕೆಯ ಹುಲಿ ಕಿವಿಯ ಪಕ್ಕದಲ್ಲೇ ಗರ್ಜಿಸಿತು. ಅವಳ ಕೈ ಅಲುಗಲಿಲ್ಲ. ಮೇಲೆ ಸೋಮಲಿಂಗನ ಗಂಟಲವರೆಗೆ ಕಲ್ಲು ಏರಿತ್ತು. ಕಣ್ಣು ಮಾತ್ರ ಅವಳನ್ನೇ ನೋಡುತ್ತಿತ್ತು.

ಮಾಯಾವಿ ಬಟ್ಟೆ ಕಿತ್ತು, ಕುಡಿಕೆಯನ್ನು ತಲೆಕೆಳಗಾಗಿಸಿದ. ಸಾಂತವ್ವ ಕಣ್ಣು ಮುಚ್ಚಿಕೊಂಡಳು.

ಒಂದು ಹನಿಯೂ ಬೀಳಲಿಲ್ಲ.

ಧೂಮಕೇಶಿ ಹುಲಿಯ ಸಮೇತ ಬೂದಿಯಾಗಿ ಉದುರಿದ. ಕಲ್ಲು ಕರಗಿತು. ಸೋಮಲಿಂಗ ಕೆಮ್ಮಿ, "ಹಸಿವಾಗೇತಿ ನೋಡ," ಎಂದ. ಅವಳು ಅಳುತ್ತ ನಕ್ಕಳು.

ಹರಳಾವತಿಯವರು ಈಗಲೂ ಹರಳು ಅಗೆಯುತ್ತಾರೆ, ಆದರೆ ತಿಗರಿ ತಿರುಗಿ, ಮಗ್ಗ ಆಡಿದ ಮೇಲೆ. ಎಲ್ಲರೂ ಉಂಡುಟ್ಟು ಸುಖವಾಗಿದ್ದಾರೆ. ಎಷ್ಟೇ ಸಿರಿ ಬರಲಿ, ಅಲ್ಲಿ ಯಾರೂ ಹೆಪ್ಪು ಎತ್ತಿಡದೆ ಮಲಗುವುದಿಲ್ಲ.