ನಿದ್ದೆ ನುಂಗಿದವನೂ ಮೂರು ಭಂಗಿ ಗಿಡಗಳೂ

ಬಹಳ ಹಿಂದೆ, ಪ್ರಾಣಿಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ, ಸೊಂಪಾಪುರ ಎಂಬ ರಾಜ್ಯವಿತ್ತು. ಅಲ್ಲಿ ಒಂದು ವರ್ಷದಿಂದ ಯಾರಿಗೂ ನಿದ್ದೆ ಇರಲಿಲ್ಲ. ರಾಜ ತನ್ನ ಕಿರೀಟ ಕುದುರೆಗೆ ತೊಡಿಸಿ, ತಾನು ಹುಲ್ಲಿನ ಮುಂದೆ ಕೂತಿದ್ದ. ಅಗಸರು ಒಗೆದ ಬಟ್ಟೆಯನ್ನೇ ಒಗೆದೊಗೆದು ಚಿಂದಿ ಮಾಡಿದ್ದರು.

ದೇಶ ತಿರುಗಿ ಮನೆಗೆ ಬಂದ ಮಾಳಿಂಗನನ್ನು ಅವನ ಅವ್ವ ಬಾಗಿಲಲ್ಲೇ ನಿಲ್ಲಿಸಿದಳು. “ಯಾರಪ್ಪಾ ನೀನು? ಯಾರ ಮನಿ ಬೇಕಾಗಿತ್ತು?”

ನಿದ್ದೆಗೆಟ್ಟು ಅವಳು ಮಗನ ಮುಖವನ್ನೂ, ಉಣ್ಣುವುದನ್ನೂ ಮರೆತು ಕಡ್ಡಿಯಾಗಿದ್ದಳು. ಮೂರು ದಿನದಲ್ಲಿ ಅವನ ನಿದ್ದೆಯೂ ಹಾರಿಹೋಯಿತು, ತಲೆ ತುಂಬ ಮಂಜು ಕವಿಯಿತು.

ಕೊಟ್ಟಿಗೆಯಲ್ಲಿ ಮಾತ್ರ ಯಾರೋ ಗೊರಕೆ ಹೊಡೆಯುತ್ತಿದ್ದರು. ನೋಡಿದರೆ, ತಲೆಕೆಳಗಾಗಿ ತೂಗುವ ಮುದಿ ಬಾವಲಿ.

“ಅಜ್ಜಾ, ನಿನಗೆಂಗ ನಿದ್ದಿ ಬರ್ತದ?”

“ಊರಾಗ ನಿದ್ದಿ ಕದಿಯೋ ಮಾಟಗಾರ ಒಬ್ಬ ಅದಾನ. ತಲೆಕೆಳಗಾಗಿದ್ದವನ ನಿದ್ದಿ ಎಲ್ಲಿರ್ತದಂತ ಅವಗ ಗೊತ್ತಾಗಲಿಲ್ಲೋ ತಮ್ಮಾ. ಉಳಿದವರದ್ದೆಲ್ಲಾ ನುಂಗ್ಯಾನ. ಬಾಯಿ ತೆಗೆದ್ರ ಹಾರಿಹೋಗ್ತಾವಂತ ಮೂಗಿನಾಗ ಮಾತಾಡ್ತಾನ. ನಿನ್ನ ಹಿತ್ತಲದಾಗ ಮೂರು ಭಂಗಿ ಗಿಡ ಅದಾವಲ್ಲ, ಅವನ್ನ ಕೊಯ್ದು ಹದಾ ಮಾಡು. ಆ ಘಮಕ್ಕ ಎಂಥಾವನೂ ಆಕಳಿಸ್ತಾನ.”

“ಹದಾ ಮಾಡೋದೆಂಗ?”

“ನೆರಳಾಗ, ನನ್ನಂಗ ತಲೆಕೆಳಗ ತೂಗ ಹಾಕು.”

ಕೊಟ್ಟಿಗೆಯಿಂದ ಹಿತ್ತಲಿಗೆ ಹೋಗುವಷ್ಟರಲ್ಲಿ ಮಾಳಿಂಗ ಅರ್ಧ ಮರೆತ. ನೆರಳೋ? ಬಿಸಿಲೋ? ಒಂದು ಗಿಡ ಕೊಯ್ದು ನಿಂತಿದ್ದಾಗ ಬೇಲಿಯಾಚೆ ಒಬ್ಬ ದಾರಿಹೋಕ ಕಂಡ. ಹೊಟ್ಟೆ ಗುಡಾಣದಂತೆ, ತುಟಿ ಹೊಲಿದಂತೆ.

“ಬಿಸಿಲಿಗೆ ಹರವ್ರೀ ಯಜಮಾನ್ರೇ,” ಅಂದ ಅವನು ಮೂಗಿನಲ್ಲೇ.

ಮಾಳಿಂಗ ಹರವಿದ. ಸಂಜೆಗೆ ಸೊಪ್ಪು ಪುಡಿಪುಡಿಯಾಗಿ ಒಣಹುಲ್ಲಿನ ವಾಸನೆ ಬಂತು.

“ನೆರಳಾಗ ಅಂದಿದ್ನೆಲ್ಲೋ ಹುಚ್ಚಪ್ಪಾ!” ಎಂದು ಬಾವಲಿ ಬೈಯಿತು.

ಎರಡನೆಯ ಗಿಡವನ್ನು ಕೊಟ್ಟಿಗೆಯ ಜಂತಿಗೆ ತೂಗುಹಾಕಿದ. ಮೂರನೆಯ ದಿನ ದಾರಿಹೋಕ ಇಣುಕಿದ. “ಒಣಗ್ಯಾದಲ್ರೀ. ಮಡಕೆಗೆ ತುಂಬಿ ಬಾಯಿ ಕಟ್ರಿ. ಮತ್ತ ತೆಗೀಬ್ಯಾಡ್ರಿ.”

ಮಾಳಿಂಗ ಕಟ್ಟಿದ. ವಾರ ಬಿಟ್ಟು ತೆಗೆದರೆ ಬೆಳ್ಳಗೆ ಬೂಸ್ಟು.

ಈಗ ಉಳಿದದ್ದು ಒಂದೇ ಗಿಡ. ಒಳಗೆ ಅವ್ವ ಗೋಡೆಗೆ “ಯಾರಪ್ಪಾ ನೀನು?” ಎಂದು ಕೇಳುತ್ತಿದ್ದಳು. ಮಾಳಿಂಗ ಬಾವಲಿಯ ಕೆಳಗೆ ಕೂತು ಅತ್ತುಬಿಟ್ಟ.

“ಅಳಬ್ಯಾಡ, ಕೇಳು. ಕಡ್ಡಿ ಮುರಿದ್ರ ಟಕ್ ಅನ್ನೋತನಕ ಇಳಿಸಬ್ಯಾಡ. ಮಡಕೆ ಪೂರಾ ತುಂಬಬ್ಯಾಡ. ದಿನಾ ಒಂದ್ಸಲ ಬಾಯಿ ತೆಗೆದು, ಸೊಪ್ಪು ಕೈಯಾಡ್ಸಿ ಮುಚ್ಚು. ಅದಕ್ಕೂ ಉಸಿರು ಬೇಕಲ್ಲ.”

ಮೂರನೆಯ ಗಿಡವನ್ನು ತೂಗುಹಾಕಿ, ಕಡ್ಡಿ ಟಕ್ ಅಂದ ಮೇಲೆ ಮಾಳಿಂಗ ಸೊಪ್ಪನ್ನು ಮಡಕೆಗೆ ಹಾಕಿದ. ಮರೆಯಬಾರದೆಂದು, ಬಾಯಿ ತೆಗೆದಾಗಲೆಲ್ಲ ಮಡಕೆಯ ಮೇಲೆ ಸುಣ್ಣದ ಒಂದು ಗೆರೆ ಎಳೆದ. ಇಪ್ಪತ್ತು ಗೆರೆಗಳಾದವು. ಇಪ್ಪತ್ತೊಂದನೆಯ ದಿನ ಬಂದು ನೋಡಿದರೆ ದಾರಿಹೋಕ ಮಡಕೆಯ ಪಕ್ಕದಲ್ಲೇ ಕೂತಿದ್ದ. ಗೆರೆಗಳು ಇಪ್ಪತ್ತೊಂದು.

“ಇವತ್ತಿಂದು ಆಗ್ಯಾದಲ್ರೀ,” ಅಂದ ಅವನು. “ಮುಟ್ಟಬ್ಯಾಡ್ರಿ, ಕೆಡ್ತದ.”

ಮಾಳಿಂಗ ಗೆರೆಗಳನ್ನು ಮತ್ತೆ ಎಣಿಸಿದ. ತೆಗೆದೆನೋ? ಇಲ್ಲವೋ? ಗೆರೆ ಇದೆ. ನೆನಪಿಲ್ಲ. ಸುಮ್ಮನೆ ಬೆರಳು ಮೂಸಿದ. ದಿನವೂ ಸೊಪ್ಪು ಮುಟ್ಟಿದ ಮೇಲೆ ಬೆರಳಿಗೆ ಅಂಟು ಹತ್ತುತ್ತಿತ್ತು, ಸಂಜೆತನಕ ಘಮ ಹೋಗುತ್ತಿರಲಿಲ್ಲ. ಇವತ್ತು ಬೆರಳಿನಲ್ಲಿ ಬರೀ ರೊಟ್ಟಿಯ ವಾಸನೆ!

“ಸುಳ್ಳ ಹೇಳ್ತೀಯೇನೋ, ಮೂಗಿನಾಗ ಮಾತಾಡೋ ಮಾಟಗಾರಾ!” ಎಂದವನೇ ಮಡಕೆಯ ಬಾಯಿ ಬಿಚ್ಚಿ ಅವನ ಮೂಗಿಗೇ ಹಿಡಿದ.

ಘಮ್ಮೆಂದಿತು. ದಾರಿಹೋಕ ಹಲ್ಲು ಕಚ್ಚಿದ, ತುಟಿ ಹಿಡಿದುಕೊಂಡ. ಆದರೂ ಬಾಯಿ ಬಿರಿಯಿತು. ಆ—ಆ—ಆ! ಆ ಆಕಳಿಕೆಯೊಳಗಿಂದ ಊರಿನ ನಿದ್ದೆಗಳೆಲ್ಲ ಬೂರುಗದ ಹತ್ತಿಯಂತೆ ಹಾರಿ, ತಂತಮ್ಮ ಮನೆ ಹುಡುಕಿಕೊಂಡು ಹೋದವು. ಮಾಟಗಾರ ಖಾಲಿ ಚೀಲದಂತೆ ಕುಗ್ಗಿ ಕುಗ್ಗಿ ಸೊಳ್ಳೆಯಾದ. ಮೂಗಿನಲ್ಲೇ ಗುಂಯ್ ಎಂದ. ಬಾವಲಿ ಒಂದೇ ಸಲ ರೆಕ್ಕೆ ಬಡಿದು ಅವನನ್ನು ನುಂಗಿ ಮತ್ತೆ ತೂಗಿಕೊಂಡಿತು.

ಸೊಂಪಾಪುರ ಮೂರು ಹಗಲು, ಮೂರು ರಾತ್ರಿ ಮಲಗಿತು. ರಾಜ ಲಾಯದಲ್ಲೇ ಮಲಗಿದ. ಮಾಳಿಂಗ ಮಡಕೆ ತಬ್ಬಿಕೊಂಡೇ ಉರುಳಿದ. ನಾಲ್ಕನೆಯ ದಿನ ಯಾರೋ ಅವನ ತಲೆ ಸವರಿದರು.

“ಏಳೋ ಮಾಳಿಂಗಾ. ಯಾವಾಗ ಬಂದಿ? ಉಂಡಿ ಇಲ್ಲೋ?”

ತಾಯಿ ಮಗ ಒಂದೇ ತಾಟಿನಲ್ಲಿ ಉಂಡರು. ಅಂದಿನಿಂದ ಆ ರಾಜ್ಯದಲ್ಲಿ ಎಲ್ಲರೂ ಹೊತ್ತಿಗೆ ಮಲಗಿ, ಹೊತ್ತಿಗೆ ಎದ್ದು, ಒಬ್ಬರ ಹೆಸರನ್ನೊಬ್ಬರು ಕರೆಯುತ್ತ ಸುಖವಾಗಿ ಬಾಳಿದರು.