ಮುಖ ತಪ್ಪಿಸಿಕೊಂಡ ಲೆಕ್ಕದವನು

“ಇದು ಬರೀ ಅದೃಷ್ಟವೂ ಆಗಿರಬಹುದು, ಡಾಕ್ಟ್ರೇ.”

ತುಂಬಿದ ಸಭೆಯಲ್ಲಿ, ಗುರುತು ಪರಿಚಯವಿಲ್ಲದವನ ಬಾಯಿಂದ ಇಂಥ ಮಾತು! ಅವಳ ಮೈಯೆಲ್ಲ ಉರಿದುಹೋಯಿತು. ಲಕ್ವ ಹೊಡೆದ ಕೈಗೆ ಬಲ ತರುವ ಮಾತ್ರೆಗಾಗಿ ಹಗಲಿರುಳು ಒದ್ದಾಡಿದವಳು ಅವಳು. ಇವನೋ, ಆಸ್ಪತ್ರೆಗೆ ಮೊನ್ನೆಯಷ್ಟೇ ಬಂದ ಸಂಖ್ಯಾಶಾಸ್ತ್ರಜ್ಞ. ಆಗಲೇ ಎಲ್ಲರ ಬಾಯಲ್ಲೂ ‘ಲೆಕ್ಕದವನು’.

“ನೋವು, ನಿದ್ದೆ, ನಡಿಗೆ ಅಂತ ಇಪ್ಪತ್ತು ವಿಷಯ ಅಳೆದಿದ್ದೀರಿ. ಕೈಯ ಹಿಡಿತ ಒಂದರಲ್ಲೇ ವ್ಯತ್ಯಾಸ ಕಂಡಿದೆ. ಅಷ್ಟು ಕಡೆ ಹುಡುಕಿದ್ರೆ ಕೆಲಸಕ್ಕೆ ಬಾರದ ಮಾತ್ರೆಯೂ ಎಲ್ಲೋ ಒಂದು ಕಡೆ ಗೆದ್ದ ಹಾಗೆ ಕಾಣುತ್ತೆ.”

“ಅಂದ್ರೆ ನನ್ನ ಮಾತ್ರೆ ಸುಳ್ಳು?”

“ಸುಳ್ಳು ಅನ್ನಲಿಲ್ಲ, ಇನ್ನೂ ಗೊತ್ತಿಲ್ಲ ಅಂದೆ. ಹೊಸ ರೋಗಿಗಳ ಮೇಲೆ ಮತ್ತೆ ಪರೀಕ್ಷೆ ಮಾಡೋಣ. ಏನು ಅಳೀತೀವಿ ಅಂತ ಮೊದಲೇ ಹೇಳಿಬಿಡೋಣ. ಒಂದೇ ಒಂದು.”

‘ಎಷ್ಟು ಕೊಬ್ಬು ಇವನಿಗೆ...’

“ರೋಗಿ ತಾನಾಗೇ ಲೋಟ ಎತ್ತಿ ನೀರು ಕುಡಿಯೋದು,” ಎಂದಳು ಹಲ್ಲು ಕಚ್ಚಿ. “ಅದಾಗದಿದ್ರೆ ಮಾತ್ರೆ ಕಸದ ಬುಟ್ಟಿಗೆ.”

ತಯಾರಿಯ ನೆಪದಲ್ಲಿ ಇಬ್ಬರೂ ಒಂದೇ ಮೇಜಿಗೆ ಬಂದರು. ಜಗಳ ಹರಟೆಯಾಯಿತು. ಅವನು ಬಾರದ ದಿನ ಕಾಫಿ ರುಚಿಸದಂತಾಯಿತು. ಪ್ರೀತಿ ಎನ್ನಲು ಅವಳಿಗೆ ಇನ್ನೂ ಧೈರ್ಯವಿರಲಿಲ್ಲ ಅಷ್ಟೆ.

ಪರೀಕ್ಷೆ ಶುರುವಾಯಿತು. ಅರ್ಧ ರೋಗಿಗಳಿಗೆ ನಿಜವಾದ ಮಾತ್ರೆ, ಉಳಿದವರಿಗೆ ಅದರಂತೆಯೇ ಕಾಣುವ ಸಕ್ಕರೆ ಮಾತ್ರೆ. ಯಾರಿಗೆ ಯಾವುದೆಂದು ಅಳೆಯುವ ಅವಳಿಗೂ ಗೊತ್ತಿಲ್ಲ, ಅವನೊಬ್ಬನಿಗೇ ಗೊತ್ತು. ಯಾರಿಗೂ ಅಪಾಯವಾಗುತ್ತಿಲ್ಲ ತಾನೇ ಎಂದು ನಡುವೆ ಒಮ್ಮೆ ಅವನು ಅಂಕಿಗಳನ್ನು ತೆರೆದು ನೋಡಿದ.

ಅಂದಿನಿಂದ ಅವಳನ್ನು ಕಂಡರೆ ದಾರಿಯನ್ನೇ ಬದಲಿಸತೊಡಗಿದ. ಅವಳು ಲಿಫ್ಟ್ ಹತ್ತಿದರೆ ಅವನು ಇಳಿದ.

‘ಮಾತ್ರೆ ಸೋತಿದೆ... ಇಲ್ಲಾ ನಾನೇ ಬೇಡವಾದೆನಾ?’

“ಅವರಿಗೆ ನನ್ನ ಕಂಡರಾಗಲ್ಲ ಅಕ್ಕ,” ಎಂದು ವಾರ್ಡಿನ ಹಿರಿಯ ನರ್ಸ್ ಮುಂದೆ ಗೋಳಾಡಿದಳು.

“ಕಂಡರಾಗದವರು ಹೀಗೆ ಓಡಲ್ಲ ಕಣಮ್ಮ. ಎದುರು ನಿಂತು ಬೈತಾರೆ.”

ಕೊನೆಗೂ ಫಲಿತಾಂಶದ ದಿನ ಬಂತು. ಅವನು ಎದ್ದು ನಿಂತ.

“ಮಾತ್ರೆ ತಗೊಂಡ ನೂರರಲ್ಲಿ ಅರವತ್ತು ಜನ ಲೋಟ ಎತ್ತಿದ್ದಾರೆ. ಸಕ್ಕರೆಯವರಲ್ಲಿ ನೂರಕ್ಕೆ ಮೂವತ್ತು. ಮಾತ್ರೆಗೆ ಶಕ್ತಿಯೇ ಇಲ್ಲ ಅಂತಿದ್ದಿದ್ರೆ ಇಷ್ಟು ದೊಡ್ಡ ವ್ಯತ್ಯಾಸ ಕಾಣೋದು ತೀರಾ ಅಪರೂಪ.”

ಚಪ್ಪಾಳೆ ಸದ್ದಿನಿಂದ ಸಭಾಂಗಣ ತುಂಬಿಹೋಯಿತು. ಗೆದ್ದಿದ್ದಳು! ಯಾರೂ ಅದೃಷ್ಟವೆಂದು ತಳ್ಳಿಹಾಕಲಾಗದಂತೆ ಗೆದ್ದಿದ್ದಳು. ಅಳುತ್ತಲೇ ನಕ್ಕಳು.

ಮೆಲ್ಲಗೆ ಜಾರಿಕೊಳ್ಳುತ್ತಿದ್ದವನನ್ನು ಮೊಗಸಾಲೆಯಲ್ಲಿ ಅಡ್ಡಗಟ್ಟಿದಳು.

“ಮಾತ್ರೆ ಗೆಲ್ತಿರೋದು ಗೊತ್ತಿದ್ದೂ ಯಾಕೆ ತಪ್ಪಿಸಿಕೊಂಡ್ರಿ?”

“ನಿಮ್ಮನ್ನ ಕಂಡ್ರೆ ನನ್ನ ಮುಖ ಎಲ್ಲಾ ಹೇಳಿಬಿಡುತ್ತೆ. ಗೆಲ್ಲೋ ಆಸೆ ಹುಟ್ಟಿದ ಮೇಲೆ, ಅಳೆಯೋವಾಗ ನಿಮಗೆ ರೋಗಿಯ ನಡುಗೋ ಕೈಯೂ ಗಟ್ಟಿಯಾಗೇ ಕಾಣ್ತಿತ್ತು. ಆಗ ಈ ಗೆಲುವನ್ನ ಯಾರು ನಂಬ್ತಿದ್ರು?” ಅವನು ತಲೆ ತಗ್ಗಿಸಿದ. “ಜೊತೆಗೆ... ಮುಖದಲ್ಲಿ ಇನ್ನೊಂದು ಗುಟ್ಟೂ ಇತ್ತು.”

“ಈಗ ತೋರಿಸಿ.”

ಅವನು ತಲೆ ಎತ್ತಿದ. ಆ ಕಣ್ಣುಗಳಲ್ಲಿ ಇಷ್ಟು ದಿನ ಅದುಮಿಟ್ಟ ಪ್ರೀತಿಯೆಲ್ಲ ತುಂಬಿ ನಿಂತಿತ್ತು.

“ಏನು ಕಾಣಿಸ್ತು?” ಎಂದ.

ಅವಳು ಅವನ ಕೈ ಹಿಡಿದಳು.

“ಹುಡುಗ ಸಿಕ್ಕಿದ ಅಂತ ನಮ್ಮಮ್ಮನಿಗೆ ಹೇಳೋಕೆ ಸಾಕಾಗುವಷ್ಟು.”